3.9 ಆದ ಮೇಲೆ ಎಷ್ಟು? ಮಾದರಿ ಸಂಪುಟಗಳನ್ನು ಓದಿ ಬೋಧನಾ ಪರೀಕ್ಷೆಗೆ ಸಿದ್ಧಳಾದ ಬಗೆ

ಬಿ.ಎಡ್. ಎರಡನೆಯ ವರ್ಷದ ಇಂಟರ್ನ್‌ಶಿಪ್ಪಿಗಾಗಿ ಹಾಸನ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕೆಂದು ಗೊತ್ತಾದ ದಿನ ಸಂಜೆಯೇ ನಾನು ಹಿಂದಿನ ವರ್ಷಗಳಲ್ಲಿ ಓದಿ ಹೋದ ಅಕ್ಕಂದಿರಿಗೆ ಫೋನು ಮಾಡಿ, ಅವರು ಪಾಠ ಯೋಜನೆ, ವಿಶ್ಲೇಷಣೆಗಳನ್ನು ಬರೆದು ಒಪ್ಪಿಸಿದ್ದ ಹಳೆಯ ರೆಕಾರ್ಡುಗಳನ್ನು ಕೇಳಿದೆ. ಒಂದು ವಾರದೊಳಗೆ ನನ್ನ ಕೋಣೆಯಲ್ಲಿ ಐದು ರೆಕಾರ್ಡುಗಳು ಸೇರಿದವು. ಇದರಲ್ಲಿ ನಾನು ಹೊಸದಾಗಿ ಮಾಡಿದ್ದೇನೂ ಇರಲಿಲ್ಲ. ನಮ್ಮ ಊರಿನ ಕಡೆ ಬಿ.ಎಡ್. ಮಾಡುವವರೆಲ್ಲರೂ ಹೀಗೆಯೇ ಸಿದ್ಧರಾಗುತ್ತಾರೆ. ರೆಕಾರ್ಡುಗಳು ಕೈಯಿಂದ ಕೈಗೆ, ಝೆರಾಕ್ಸ್ ಅಂಗಡಿಯಿಂದ ಝೆರಾಕ್ಸ್ ಅಂಗಡಿಗೆ ಹೋಗುತ್ತ, ನಾಲ್ಕನೆಯ ಪ್ರತಿಯ ಹೊತ್ತಿಗೆ ಅಕ್ಷರಗಳ ಒಂದು ಅಂಚು ಕಪ್ಪಾಗಿ, ಇನ್ನೊಂದು ಅಂಚು ಮಾಸಿ ಹೋಗಿರುತ್ತದೆ.

ನಾವು ಮಾಡಬೇಕಿದ್ದ ಕೆಲಸವನ್ನು ಮೊದಲು ಹೇಳುತ್ತೇನೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಕ್ಕೆ ಏರಿತು, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿಯೇ ಬರುತ್ತದೆ. ಆ 16 ವಾರಗಳಲ್ಲಿ ಪಾಠ ಯೋಜನೆಗಳು, ಸಹಪಾಠಿಗಳ ಪಾಠದ ವೀಕ್ಷಣೆ, ನೀಲನಕ್ಷೆಯೊಡನೆ (ಯಾವ ಭಾಗಕ್ಕೆ ಎಷ್ಟು ಅಂಕವೆಂಬ ಪಟ್ಟಿಯೊಡನೆ) ಒಂದು ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ (ತರಗತಿಯ ಒಂದು ಸಮಸ್ಯೆಯನ್ನು ಶಿಕ್ಷಕರೇ ಅಧ್ಯಯನ ಮಾಡಿ ಪರಿಹಾರ ಹುಡುಕುವುದು) ಇವೆಲ್ಲ ಇರುತ್ತವೆ. ಇವುಗಳ ಜೊತೆಗೆ ನಮ್ಮ ಗಣಿತ ಬೋಧನೆಯ ಉಪನ್ಯಾಸಕರು ಬೋಧನಾ ಸಂಪುಟವೆಂಬ ಒಂದು ಕೆಲಸವನ್ನು ಸೇರಿಸಿದ್ದರು. ಒಂದೇ ಪರಿಕಲ್ಪನೆಯನ್ನು ಆರಿಸಿಕೊಂಡು ಮೂರು ಅವಧಿಗಳಿಗೆ ಯೋಜನೆ ಬರೆಯಬೇಕು. ಆ ಪಾಠದ ಹದಿನೈದು ನಿಮಿಷದ ವಿಡಿಯೊವನ್ನು ನಡುವೆ ಎಲ್ಲಿಯೂ ಕತ್ತರಿಸದೆ ಕೊಡಬೇಕು. ಪಾಠದ ನಂತರ ಮಕ್ಕಳು ಬರೆದದ್ದನ್ನು ಪರಿಶೀಲಿಸಿ, ಅವರು ಏನು ಕಲಿತರು, ಏನು ಕಲಿಯಲಿಲ್ಲ, ಮುಂದೆ ಏನು ಮಾಡಬೇಕು ಎಂದು ವಿವರಿಸಬೇಕು. ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ಬಂದು ಒಂದು ಪಾಠ ನೋಡುತ್ತಾರೆ, ಸಂಪುಟವನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ.

ನಾನು ಏಳನೆಯ ತರಗತಿಯ ದಶಮಾಂಶಗಳನ್ನು ಆರಿಸಿಕೊಂಡೆ. ಐದು ರೆಕಾರ್ಡುಗಳಲ್ಲಿ ಮೂರರಲ್ಲಿ ಅದೇ ಪಾಠವಿತ್ತೆಂಬುದೇ ಆ ಆಯ್ಕೆಗೆ ಕಾರಣವಾಗಿತ್ತು. ಮೂರರಲ್ಲಿ ಅತಿ ಹೆಚ್ಚು ಅಂಕ ಬಂದಿದ್ದ ಒಂದನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು, ಅದರ ಪಾಠ ಯೋಜನೆಯ ಕ್ರಮವನ್ನೇ ಹಿಡಿದು ಎರಡು ರಾತ್ರಿಗಳಲ್ಲಿ ನನ್ನ ಮೊದಲ ಕರಡನ್ನು ಮುಗಿಸಿದೆ. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳೂ ಇದ್ದವು. ಕಲಿಕೋಪಕರಣವಾಗಿ ರೂಪಾಯಿ ಮತ್ತು ಪೈಸೆಯ ಚಾರ್ಟು ಇತ್ತು: ಒಂದು ರೂಪಾಯಿಯ ನಾಣ್ಯ, ಐವತ್ತು ಪೈಸೆ, ಇಪ್ಪತ್ತೈದು ಪೈಸೆ. ನಾಲ್ಕು ರೂಪಾಯಿ ಇಪ್ಪತ್ತೈದು ಪೈಸೆಯನ್ನು 4.25 ಎಂದು ಬರೆಯುತ್ತೇವೆ ಎಂಬಲ್ಲಿಂದ ಪಾಠ ಆರಂಭವಾಗುತ್ತಿತ್ತು. ಕೊನೆಯ ಪುಟದ ವಿಶ್ಲೇಷಣೆಯ ವಾಕ್ಯವನ್ನು ಸಹ, ಪಾಠ ಮಾಡುವ ಮೊದಲೇ, ನಾನು ಸಿದ್ಧಪಡಿಸಿ ಇಟ್ಟುಕೊಂಡಿದ್ದೆ: ಬಹುಪಾಲು ಮಕ್ಕಳು ಪರಿಕಲ್ಪನೆಯನ್ನು ಉತ್ತಮವಾಗಿ ಗ್ರಹಿಸಿದರು, ನಿಧಾನ ಕಲಿಕೆಯ ಮಕ್ಕಳಿಗೆ ಪರಿಹಾರ ಬೋಧನೆ ಕೈಗೊಳ್ಳಲಾಯಿತು.

ಉಪನ್ಯಾಸಕರು ಕರಡನ್ನು ಓದಿ ಬೈಯಲಿಲ್ಲ. ಕೊನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, “ಯಾವ ಮಕ್ಕಳಮ್ಮ? ಎಷ್ಟು ಜನ? ಏನು ಬರೆದರು?” ಎಂದು ಕೇಳಿದರು. ಚಾರ್ಟಿನ ವಿವರದ ಪಕ್ಕದಲ್ಲಿ ಮತ್ತೊಂದು ಪ್ರಶ್ನೆ ಬರೆದಿದ್ದರು: ನಿಮ್ಮ ಏಳನೆಯ ತರಗತಿಯ ಮಗು ಇಪ್ಪತ್ತೈದು ಪೈಸೆಯನ್ನು ಕಂಡಿದೆಯೇ? ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ ಅಂತ್ಯಕ್ಕೆ ನಿಂತುಹೋಗಿತ್ತು. ನನ್ನ ಮುಂದೆ ಕುಳಿತಿದ್ದ ಮಕ್ಕಳು ಆಮೇಲೆ ಹುಟ್ಟಿದವರು. ಆ ಚಾರ್ಟನ್ನು ಮೊದಲು ಬರೆದವರ ಕಾಲಕ್ಕೆ ಅದು ಸರಿಯಾಗಿದ್ದಿರಬಹುದು. ಮೂರು ಕೈ ದಾಟಿ ನನ್ನವರೆಗೆ ಬರುವಾಗ ಯಾರೂ ಅದನ್ನು ತಡೆದು ನೋಡಿರಲಿಲ್ಲ, ನಾನೂ ನೋಡಲಿಲ್ಲ. ಆ ದಿನ ನನಗಾದ ಸಂಕಟ ಇಂದಿಗೂ ನೆನಪಿದೆ.

ಕರಡನ್ನು ಹಿಂದಿರುಗಿಸುವಾಗ ಅವರು ಅಮೆರಿಕದ ಒಂದು ಪದ್ಧತಿಯ ವಿಷಯ ಹೇಳಿದರು. ಅಲ್ಲಿ ಶಿಕ್ಷಕರಾಗಬಯಸುವವರಿಗೆ ಎಡ್‌ಟಿಪಿಎ ಎಂಬ ಮೌಲ್ಯಮಾಪನವೊಂದು ಬಂದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೂಪಿಸಿದ ಅದು 2013ರಿಂದ ಹಲವು ರಾಜ್ಯಗಳಲ್ಲಿ ಜಾರಿಗೆ ಬಂತು. ಅದರಲ್ಲಿಯೂ ಯೋಜನೆ, ಬೋಧನೆ, ಮೌಲ್ಯಮಾಪನ ಎಂಬ ಮೂರು ಕೆಲಸಗಳಿವೆ. ಹೆಚ್ಚಿನ ವಿಷಯಗಳಲ್ಲಿ 15 ಮಾನದಂಡಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅಭ್ಯರ್ಥಿಗಳು ಹಳೆಯ ಮಾದರಿಗಳನ್ನು ಹುಡುಕಿ ಓದುವುದು ಅಲ್ಲಿಯೂ ಇದೆ, ಬರಹಗಳು ಒಂದಕ್ಕೊಂದು ಹೋಲುತ್ತವೆಯೇ ಎಂದು ಸಾಫ್ಟ್‌ವೇರ್ ಮೂಲಕ ತಾಳೆ ನೋಡುವುದೂ ಇದೆ. ನ್ಯೂಯಾರ್ಕ್ ರಾಜ್ಯವು 2022ರಲ್ಲಿ ಆ ಮೌಲ್ಯಮಾಪನದ ಕಡ್ಡಾಯವನ್ನು ಕೈಬಿಟ್ಟಿತು. ನಮ್ಮ ಉಪನ್ಯಾಸಕರು ಅದರಿಂದ ತೆಗೆದುಕೊಂಡದ್ದು ಆ ಮೂರು ಕೆಲಸಗಳ ನಡುವಿನ ಕೊಂಡಿಯನ್ನು ಮಾತ್ರ: ಯೋಜನೆಯಲ್ಲಿ ಮಕ್ಕಳ ಬಗ್ಗೆ ಏನು ಹೇಳಿದ್ದೀರೋ ಅದು ವಿಡಿಯೊದಲ್ಲಿ ಕಾಣಬೇಕು, ವಿಡಿಯೊದಲ್ಲಿ ಕಂಡದ್ದು ಮಕ್ಕಳ ಬರಹದಲ್ಲಿ ಎಲ್ಲಿ ಹೋಯಿತೆಂದು ಹೇಳಬೇಕು. ಒಂದು ಪುಟದ ಮಾನದಂಡ ಪಟ್ಟಿಯನ್ನು ಕೊಟ್ಟು, “ಆ ಐದೂ ರೆಕಾರ್ಡುಗಳಿಗೆ ಮೊದಲು ನೀವೇ ಅಂಕ ಹಾಕಿಕೊಂಡು ಬನ್ನಿ, ಆಮೇಲೆ ಬರೆಯಿರಿ” ಎಂದರು.

ಈ ಕೆಲಸಕ್ಕೆ ನನಗೆ ಎಂಟು ದಿನ ಹಿಡಿಯಿತು. ಬೆಳಿಗ್ಗೆ ಅರಸೀಕೆರೆ ಕಡೆಯ ಬಸ್ಸಿನಲ್ಲಿ ಶಾಲೆಗೆ ಹೋಗಿ, ಸಂಜೆ ಹಾಸನಕ್ಕೆ ಮರಳಿ, ರಾತ್ರಿ ಒಂದೊಂದೇ ರೆಕಾರ್ಡನ್ನು ಪಟ್ಟಿಯೊಂದಿಗೆ ಇಟ್ಟುಕೊಂಡು ಓದಿದೆ. ಅತಿ ಹೆಚ್ಚು ಅಂಕ ಪಡೆದ ರೆಕಾರ್ಡಿನಿಂದ ನನಗೆ ಅತಿ ಕಡಿಮೆ ಸಿಕ್ಕಿತು. ಅದರ ಅಕ್ಷರ ಮುತ್ತಿನಂತಿತ್ತು, ಅಂಚುಗಳಿಗೆ ಬಣ್ಣದ ಗೆರೆಗಳಿದ್ದವು, ವಾಕ್ಯಗಳಲ್ಲಿ ಒಂದೂ ದೋಷವಿರಲಿಲ್ಲ. ಆದರೆ ಇಪ್ಪತ್ತು ಪುಟಗಳಲ್ಲಿ ಒಂದು ಮಗುವೂ ಬಾಯಿ ತೆರೆದು ಒಂದು ತಪ್ಪು ಮಾತು ಆಡಿರಲಿಲ್ಲ. ಶಿಕ್ಷಕರ ಚಟುವಟಿಕೆ ಎಂಬ ಕಾಲಮಿನಲ್ಲಿ ಪ್ರಶ್ನೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಕಾಲಮಿನಲ್ಲಿ ಅದರ ಸರಿಯುತ್ತರ, ಹೀಗೆಯೇ ಕೊನೆಯವರೆಗೆ.

ನನಗೆ ದಾರಿ ತೋರಿಸಿದ್ದು ಸಾಧಾರಣ ಅಂಕ ಬಂದಿದ್ದ ಒಂದು ರೆಕಾರ್ಡು. ಅದನ್ನು ಬರೆದ ಅಕ್ಕ ಸಕಲೇಶಪುರದ ಕಡೆಯವರು, ಈಗ ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾರೆ. ಅದರ ಅಂಚಿನಲ್ಲಿ ಯಾರೋ ಪರಿಶೀಲಿಸಿದವರು ಪೆನ್ಸಿಲಿನಲ್ಲಿ ಟಿಪ್ಪಣಿ ಹಾಕಿದ್ದರು. ಅಕ್ಕ ಒಂದು ಕಡೆ, ಕೆಲವು ಮಕ್ಕಳು ಅರ್ಧ ಮತ್ತು ಮೂರನೆಯ ಒಂದನ್ನು ಕೂಡಿಸಿ ಐದನೆಯ ಎರಡು ಎಂದು ಬರೆದರು ಎಂದು ದಾಖಲಿಸಿದ್ದರು. ಪೆನ್ಸಿಲ್ ಟಿಪ್ಪಣಿ, ಇದು ಚೆನ್ನಾಗಿದೆ, ಅವರು ಹಾಗೆ ಏಕೆ ಮಾಡಿದರೆಂದು ಬರೆಯಿರಿ ಎಂದಿತ್ತು. ಮುಂದಿನ ಪುಟದಲ್ಲಿ ಅಕ್ಕ ಪರಿಹಾರವಾಗಿ ಇನ್ನೂ ಹತ್ತು ಲೆಕ್ಕ ಕೊಟ್ಟೆ ಎಂದು ಬರೆದಿದ್ದರು. ಅಲ್ಲಿ ಪೆನ್ಸಿಲ್ ಟಿಪ್ಪಣಿ ಹೀಗಿತ್ತು: ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸುವ ಮಗು ಈ ಹತ್ತನ್ನೂ ಹಾಗೆಯೇ ಕೂಡಿಸುವುದಿಲ್ಲವೇ? ಈ ಎರಡು ಟಿಪ್ಪಣಿಗಳನ್ನು ಓದಿದಾಗ ಪರೀಕ್ಷಕರ ಕಣ್ಣು ಎಲ್ಲಿ ನಿಲ್ಲುತ್ತದೆಂದು ನನಗೆ ಮೊದಲ ಬಾರಿಗೆ ಅರ್ಥವಾಯಿತು. ಮಗುವಿನ ತಪ್ಪಿಗೂ ಶಿಕ್ಷಕಿಯ ಮುಂದಿನ ಹೆಜ್ಜೆಗೂ ನಡುವೆ ಒಂದು ಕಾರಣ ಇರಬೇಕು. ಅಕ್ಕನ ಬರಹದಲ್ಲಿ ಆ ಕಾರಣದ ಜಾಗ ಖಾಲಿ ಇದ್ದುದರಿಂದಲೇ ಅದು ಎದ್ದು ಕಂಡಿತು. ಹೆಚ್ಚು ಅಂಕದ ರೆಕಾರ್ಡಿನಲ್ಲಿ ತಪ್ಪೇ ಇರಲಿಲ್ಲವಾದ್ದರಿಂದ ಆ ಜಾಗವಿದೆಯೆಂಬುದೇ ತಿಳಿಯುವಂತಿರಲಿಲ್ಲ.

ಹೀಗೆ ಓದಿದ ಮೇಲೆ ನಾನು ಪಾಠ ಯೋಜನೆಗೆ ಕೈ ಹಾಕುವ ಮೊದಲು ಮಕ್ಕಳಿಗೆ ಒಂದು ಚಿಕ್ಕ ಪೂರ್ವ ಪರೀಕ್ಷೆ ಕೊಟ್ಟೆ. ನಮ್ಮ ಮಾರ್ಗದರ್ಶಿ ಶಿಕ್ಷಕಿ, ಅಂದರೆ ಆ ಶಾಲೆಯ ಗಣಿತದ ಮೇಡಂ, ಪ್ರಶ್ನೆ ತಯಾರಿಸುವಾಗ ಜೊತೆಗೆ ಕುಳಿತರು. ಅವರಿಂದ ಕಲಿತದ್ದನ್ನು ಇಲ್ಲಿ ವಿವರವಾಗಿಯೇ ಬರೆಯಬೇಕು, ಏಕೆಂದರೆ ಯಾವ ರೆಕಾರ್ಡಿನಲ್ಲಿಯೂ ಅದು ಇರಲಿಲ್ಲ. 4.3 ಮತ್ತು 4.25 ಇವುಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ, ಬಿಂದುವಿನ ನಂತರದ ಭಾಗವನ್ನು ಪೂರ್ಣಸಂಖ್ಯೆಯಂತೆ ಓದುವ ಮಗು, 25 ಮೂರಕ್ಕಿಂತ ದೊಡ್ಡದಲ್ಲವೇ ಎಂದು 4.25ನ್ನು ಆರಿಸುತ್ತದೆ. ಅದೇ ಮಗುವಿಗೆ 5.4 ಮತ್ತು 5.62 ಕೊಟ್ಟರೆ, ಅದೇ ತಪ್ಪು ತರ್ಕದಿಂದ 5.62 ಎಂಬ ಸರಿಯುತ್ತರ ಬರೆದುಬಿಡುತ್ತದೆ. ಇನ್ನೊಂದು ಬಗೆಯ ಮಗು ಇದಕ್ಕೆ ತಿರುಗುಮುರುಗು: ನೂರನೆಯ ಭಾಗವೆಂದರೆ ಬಹಳ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ಚಿಕ್ಕದು ಎಂದುಕೊಂಡಿರುತ್ತದೆ. ಅದು ಮೊದಲ ಪ್ರಶ್ನೆಯನ್ನು ಸರಿ ಮಾಡಿ ಎರಡನೆಯದನ್ನು ತಪ್ಪು ಮಾಡುತ್ತದೆ. ಎರಡೂ ಬಗೆಯ ಪ್ರಶ್ನೆಗಳಿಲ್ಲದಿದ್ದರೆ ಯಾರು ಏನು ಯೋಚಿಸುತ್ತಿದ್ದಾರೆಂದು ಗೊತ್ತೇ ಆಗುವುದಿಲ್ಲ. ಅಂಕ ಮಾತ್ರ ಸಿಗುತ್ತದೆ.

31 ಮಕ್ಕಳಲ್ಲಿ 19 ಮಂದಿ 4.25 ದೊಡ್ಡದೆಂದು ಬರೆದಿದ್ದರು. 5 ಮಂದಿ 5.4 ದೊಡ್ಡದೆಂದು ಬರೆದಿದ್ದರು. ಎರಡನ್ನೂ ಸರಿಯಾಗಿ ಬರೆದವರು 7 ಮಂದಿ. ಕೊನೆಯಲ್ಲಿ ನಾನು ಇನ್ನೊಂದು ಪ್ರಶ್ನೆ ಇಟ್ಟಿದ್ದೆ: 3.7, 3.8, 3.9, ಮುಂದೇನು? ಅರ್ಧಕ್ಕಿಂತ ಹೆಚ್ಚು ಮಕ್ಕಳು 3.10 ಎಂದು ಬರೆದರು.

ಹಿಂದಿನ ಕರಡಿನ ರೂಪಾಯಿ ಪೈಸೆಯ ಉದಾಹರಣೆ ಏನು ಮಾಡುತ್ತದೆಂದು ನೋಡಲು ಅದನ್ನೂ ಒಂದು ದಿನ ಬಾಯಿಮಾತಿನಲ್ಲಿ ಪ್ರಯತ್ನಿಸಿದೆ. ಅದು ಗೊಂದಲವನ್ನು ಹೆಚ್ಚಿಸಿತು. 4.3 ರೂಪಾಯಿ ಎಂದರೆ ಎಷ್ಟೆಂದು ಕೇಳಿದಾಗ ಒಕ್ಕೊರಲಿನಿಂದ ಬಂದ ಉತ್ತರ ನಾಲ್ಕು ರೂಪಾಯಿ ಮೂರು ಪೈಸೆ ಎಂಬುದು. ಹಣದಲ್ಲಿ ಬಿಂದುವು ರೂಪಾಯಿಯನ್ನೂ ಪೈಸೆಯನ್ನೂ ಬೇರ್ಪಡಿಸುವ ಗೋಡೆಯಂತೆ ಕಾಣುತ್ತದೆ. ಅದರ ಬಲಕ್ಕಿರುವುದು ಬೇರೆಯೇ ಒಂದು ಸಂಖ್ಯೆಯಂತೆ ತೋರುತ್ತದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕ್ರಿಕೆಟ್ ತಂದ: “ಮಿಸ್, 4.3 ಓವರ್ ಅಂದ್ರೆ ನಾಲ್ಕು ಓವರ್ ಮೂರು ಬಾಲ್.” ಅವನ ಮಾತು ಸರಿಯೇ, ಆದರೆ ಅಲ್ಲಿ 4.5 ಆದ ಮೇಲೆ ಒಂದು ಎಸೆತಕ್ಕೆ 5 ಬರುತ್ತದೆ, ಅದು ಆರರ ಲೆಕ್ಕ. ದಿನವೂ ಕಾಣುವ ಬಿಂದುಗಳೆಲ್ಲ ದಶಮಾಂಶ ಬಿಂದುಗಳಲ್ಲ ಎಂಬುದನ್ನು ನಾನೂ ಅಂದೇ ಗಟ್ಟಿಯಾಗಿ ಗಮನಿಸಿದ್ದು.

ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವರ ಮನೆಯಲ್ಲಿ ಎರಡು ಹಸುಗಳಿವೆ. ಬೆಳಿಗ್ಗೆ ಶಾಲೆಗೆ ಬರುವ ಮೊದಲು ಹಾಲನ್ನು ಡೈರಿಗೆ ಹಾಕಿ ಬರುವುದು ಅವಳ ಕೆಲಸ. “ಮಿಸ್, 3.9 ಆದ್ಮೇಲೆ 3.10 ಬರಲ್ಲ. ಫ್ಯಾಟು 3.9 ಇರುತ್ತೆ, ಒಂದೊಂದ್ ದಿನ 4.0 ಬರುತ್ತೆ. 3.10 ಅಂತ ಚೀಟೀಲಿ ಯಾವತ್ತೂ ಬಂದಿಲ್ಲ” ಎಂದಳು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹಾಲಿನ ಸಂಘದ ಚೀಟಿ ಇಲ್ಲದ ಮನೆ ಹುಡುಕಬೇಕು. ಫ್ಯಾಟು, ಅಂದರೆ ಹಾಲಿನ ಕೊಬ್ಬಿನಂಶ, 3.5; ಎಸ್‌ಎನ್‌ಎಫ್, ಅಂದರೆ ಕೊಬ್ಬಲ್ಲದ ಘನಾಂಶ, 8.5 ಎಂಬ ಅಂಕಿಗಳು ಡೈರಿಗೆ ಹಾಲು ಹಾಕುವವರ ಬಾಯಲ್ಲಿ ನಿತ್ಯ ಇರುತ್ತವೆ, ಏಕೆಂದರೆ ದರ ನಿಲ್ಲುವುದೇ ಅವುಗಳ ಮೇಲೆ. ನಾನು ಸಹ ಅಂತಹುದೇ ಮನೆಯಲ್ಲಿ ಬೆಳೆದವಳು, ಆದರೂ ರೆಕಾರ್ಡಿನಲ್ಲಿ ಇಲ್ಲದ್ದು ನನ್ನ ತಲೆಗೆ ಬಂದಿರಲಿಲ್ಲ. ಮರುದಿನ ಹನ್ನೊಂದು ಮಕ್ಕಳು ಹಳೆಯ ಚೀಟಿಗಳನ್ನು ತಂದರು.

ಮಾರ್ಗದರ್ಶಿ ಮೇಡಂ ಮತ್ತೊಂದು ಸೂಕ್ಷ್ಮವನ್ನು ತೋರಿಸಿದರು. ನಾನು 4.25ನ್ನು “ನಾಲ್ಕು ಪಾಯಿಂಟ್ ಇಪ್ಪತ್ತೈದು” ಎಂದು ಓದುತ್ತಿದ್ದೆ. ಹಾಗೆ ಓದಿದ ಕೂಡಲೇ ಮಗುವಿನ ಕಿವಿಗೆ ಇಪ್ಪತ್ತೈದು ಬೀಳುತ್ತದೆ. “ನಾಲ್ಕು ದಶಮಾಂಶ ಎರಡು ಐದು ಅಂತ ಓದಿ, ಆಮೇಲೆ ನಾಲ್ಕೂಕಾಲು ಅಂತ ಒಂದು ಸಲ ಹೇಳಿ ನೋಡಿ” ಎಂದರು. ನಾಲ್ಕೂಕಾಲು ಲೀಟರ್ ಹೆಚ್ಚೋ ನಾಲ್ಕೂವರೆ ಲೀಟರ್ ಹೆಚ್ಚೋ ಎಂದು ಕೇಳಿದರೆ ತರಗತಿಯಲ್ಲಿ ಒಬ್ಬರೂ ತಪ್ಪು ಹೇಳಲಿಲ್ಲ. ಅದನ್ನೇ 4.25 ಮತ್ತು 4.5 ಎಂದು ಕರಿಹಲಗೆಯ ಮೇಲೆ ಬರೆದಾಗ ಗೊಣಗಾಟ ಶುರುವಾಯಿತು. ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳಲ್ಲಿ ಮಕ್ಕಳಿಗೆ ಆಗಲೇ ಗೊತ್ತಿರುವುದನ್ನು ಬರಹದ ಸಂಖ್ಯೆಗೆ ಹೊಂದಿಸುವುದೇ ನನ್ನ ಮೊದಲ ಅವಧಿಯ ಕೆಲಸವಾಯಿತು. ನೂರು ಚೌಕಗಳ ಗ್ರಾಫ್ ಕಾಗದದಲ್ಲಿ ಇಪ್ಪತ್ತೈದು ಚೌಕ ಬಣ್ಣ ಹಚ್ಚಿದರೆ ಕಾಲು ಭಾಗವಾಗುವುದನ್ನು, ಮೂರು ಪೂರ್ತಿ ಪಟ್ಟಿ ಬಣ್ಣ ಹಚ್ಚಿದರೆ ಮೂವತ್ತು ಚೌಕವಾಗುವುದನ್ನು ಅವರೇ ಎಣಿಸಿದರು.

ಯೋಜನೆ ಬರೆಯುವಾಗ ಮಾದರಿಗಳನ್ನು ಮತ್ತೆ ತೆರೆದೆ, ಆದರೆ ಈ ಬಾರಿ ಬೇರೆ ಕಾರಣಕ್ಕೆ. ಸಮಯವನ್ನು ಹೇಗೆ ಹಂಚಿದ್ದಾರೆ, ಕಲಿಕಾ ಫಲವನ್ನು ಅಳೆಯಬಹುದಾದ ಕ್ರಿಯಾಪದದಿಂದ ಹೇಗೆ ಬರೆದಿದ್ದಾರೆ, ಪಾಠದ ಯಾವ ಹಂತದಲ್ಲಿ ಪ್ರಶ್ನೆ ಬರುತ್ತದೆ ಎಂಬ ವಿಷಯಗಳಲ್ಲಿ ಅವು ನಿಜವಾಗಿ ನೆರವಾದವು. “ಅರ್ಥಮಾಡಿಕೊಳ್ಳುವರು” ಎಂದು ಬರೆದಿದ್ದನ್ನು ಅಳಿಸಿ “ಎರಡು ದಶಮಾಂಶಗಳನ್ನು ಹೋಲಿಸಿ ಕಾರಣ ನೀಡುವರು” ಎಂದು ಬರೆಯಲು ಕಲಿತದ್ದು ಮಾದರಿಯೊಂದರಿಂದಲೇ. ಒಂದು ಎಚ್ಚರವನ್ನು ಮಾತ್ರ ಪಾಲಿಸಿದೆ: ಓದುವಾಗ ಪೆನ್ನು ಹಿಡಿಯುತ್ತಿರಲಿಲ್ಲ, ಬರೆಯುವಾಗ ರೆಕಾರ್ಡು ತೆರೆದಿಡುತ್ತಿರಲಿಲ್ಲ. ಬರೆದು ಮುಗಿದ ಮೇಲೆ, ಈ ವಾಕ್ಯವನ್ನು ನನ್ನ 31 ಮಕ್ಕಳನ್ನು ನೋಡದವರೂ ಬರೆಯಬಹುದಿತ್ತೇ ಎಂದು ಪ್ರತಿ ವಾಕ್ಯಕ್ಕೂ ಕೇಳಿಕೊಂಡು, ಹೌದೆಂದು ತೋರಿದ್ದನ್ನು ಹೊಡೆದು ಹಾಕಿದೆ. ಮೊದಲ ಸಲ ಹೀಗೆ ಮಾಡಿದಾಗ ನಾಲ್ಕು ಪುಟದಲ್ಲಿ ಒಂದೂವರೆ ಪುಟ ಉಳಿಯಿತು.

ವಿಡಿಯೊಗೆ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಪೋಷಕರಿಗೆ ತಿಳಿಸಿ, ಮಕ್ಕಳ ಮುಖ ಕಾಣದಂತೆ ಫೋನನ್ನು ತರಗತಿಯ ಹಿಂದಿನ ಕಿಟಕಿಯಲ್ಲಿ ಇಟ್ಟೆವು. ಮೊದಲ ವರ್ಷದ ಸೂಕ್ಷ್ಮ ಬೋಧನೆಯಲ್ಲಿ ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರಾರು ನಿಮಿಷದ ಮರುಪಾಠ ಮತ್ತು ಮರುಹಿಮ್ಮಾಹಿತಿ ಎಂದು ಮೂವತ್ತಾರು ನಿಮಿಷದ ಚಕ್ರವನ್ನು ಎಷ್ಟೋ ಸಲ ಮಾಡಿದ್ದೆವು. ಆದರೆ ಅಲ್ಲಿ ವಿದ್ಯಾರ್ಥಿಗಳಾಗಿ ಕೂರುತ್ತಿದ್ದವರು ನಮ್ಮ ಸಹಪಾಠಿಗಳೇ, ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ನನ್ನ ಪಾಠವನ್ನು ನಾನೇ ಕುಳಿತು ನೋಡಿದ್ದು ಈ ವಿಡಿಯೊದಲ್ಲಿಯೇ.

ಪಾಠದ ನಂತರ ಪರೀಕ್ಷೆಯಲ್ಲಿ 25 ಮಕ್ಕಳು ಎರಡೂ ಬಗೆಯ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ್ದರು. ಹಳೆಯ ನಾನಾಗಿದ್ದರೆ ಇಲ್ಲಿಗೆ ಬಹುಪಾಲು ಎಂದು ಬರೆದು ಮುಗಿಸುತ್ತಿದ್ದೆ. ಉಳಿದ ಆರು ಮಂದಿಯ ಹಾಳೆಗಳನ್ನು ಪೂರ್ವ ಪರೀಕ್ಷೆಯ ಹಾಳೆಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ನಾಲ್ವರು ಮೊದಲಿನ ತಪ್ಪಿನಲ್ಲೇ ಇದ್ದರು. ಇನ್ನಿಬ್ಬರು ಮೊದಲು 4.25 ದೊಡ್ಡದೆಂದು ಬರೆದವರು. ಈಗ ಅಂತಹ ಪ್ರಶ್ನೆಯನ್ನು ಸರಿ ಮಾಡಿ, ಎರಡನೆಯ ಬಗೆಯದನ್ನು ತಪ್ಪು ಮಾಡಿದ್ದರು. ಅಂದರೆ ಒಂದು ತಪ್ಪನ್ನು ಬಿಟ್ಟು ಅದರ ಎದುರಿನ ತಪ್ಪಿಗೆ ದಾಟಿದ್ದರು. ಇದು ಹೇಗಾಯಿತೆಂದು ತಿಳಿಯದೆ ವಿಡಿಯೊವನ್ನು ಮೂರು ಬಾರಿ ನೋಡಿದೆ. ಒಂಬತ್ತನೆಯ ನಿಮಿಷದಲ್ಲಿ ನನ್ನದೇ ಧ್ವನಿ ಕೇಳಿಸಿತು: “ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ನೆನಪಿಟ್ಟುಕೊಳ್ಳಿ.” ಆ ವಾಕ್ಯದಲ್ಲಿ ತಪ್ಪಿಲ್ಲ. ಒಂದು ನೂರನೆಯ ಭಾಗ ಒಂದು ಹತ್ತನೆಯ ಭಾಗಕ್ಕಿಂತ ಚಿಕ್ಕದೇ. ಆದರೆ ಎಷ್ಟು ಭಾಗಗಳಿವೆ ಎಂಬುದನ್ನು ನಾನು ಅಲ್ಲಿ ಹೇಳಲಿಲ್ಲ. ಆ ಇಬ್ಬರು ನನ್ನ ಮಾತನ್ನು ಅಕ್ಷರಶಃ ನಂಬಿ, ನೂರರ ಸ್ಥಾನದಲ್ಲಿ ಅಂಕಿ ಇರುವ ಸಂಖ್ಯೆಯೇ ಚಿಕ್ಕದೆಂದು ತೀರ್ಮಾನಿಸಿದ್ದರು. ಅವರು ಗಮನವಿಟ್ಟು ಕೇಳಿದ ಮಕ್ಕಳು.

ಇದನ್ನು ಸಂಪುಟದಲ್ಲಿ ಬರೆಯಬೇಕೇ ಬಿಡಬೇಕೇ ಎಂದು ಎರಡು ದಿನ ತೊಳಲಾಡಿದೆ. ಐದು ಮಾದರಿಗಳಲ್ಲಿ ಒಂದರಲ್ಲಿಯೂ ಶಿಕ್ಷಕಿಯ ಮಾತಿನಿಂದ ಮಗುವಿಗೆ ತಪ್ಪು ಬಂತೆಂದು ಬರೆದಿರಲಿಲ್ಲ. ಜೊತೆಯಲ್ಲಿದ್ದ ಗೆಳತಿಯರು ಅಂಕ ಹೋಗುತ್ತದೆ, ಬೇಡ ಎಂದರು. ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ನಾವೆಲ್ಲ ಓದಿದ ಮಾದರಿಗಳು ನಮಗೆ ಕಲಿಸಿದ್ದು ಹಾಗೆಯೇ. ಕೊನೆಗೆ ಮಾನದಂಡ ಪಟ್ಟಿಯನ್ನೇ ಮತ್ತೆ ಓದಿದೆ. ಅದರಲ್ಲಿ ಬೋಧನೆಯ ಯಾವ ಅಂಶವು ಕಲಿಕೆಯ ಮೇಲೆ ಯಾವ ಪರಿಣಾಮ ಬೀರಿತೆಂದು ಸಾಕ್ಷ್ಯದೊಂದಿಗೆ ವಿವರಿಸಿ ಎಂದಿತ್ತು. ಪರಿಣಾಮ ಒಳ್ಳೆಯದೇ ಆಗಿರಬೇಕೆಂದು ಎಲ್ಲಿಯೂ ಇರಲಿಲ್ಲ. ವಿಡಿಯೊದ ನಿಮಿಷವನ್ನು ಗುರುತಿಸಿ, ಆ ಇಬ್ಬರ ಎರಡೆರಡು ಹಾಳೆಗಳನ್ನು ಹೆಸರು ಮರೆಮಾಡಿ ಅಂಟಿಸಿ, ನಾನು ಹೇಳಿದ ವಾಕ್ಯವನ್ನು ಹೇಳಿದಂತೆಯೇ ಬರೆದೆ. ಕೆಳಗೆ ಮುಂದಿನ ಹೆಜ್ಜೆ: 5.4ನ್ನು 5.40 ಎಂದು ಬರೆಸಿ, ನಲವತ್ತು ಚೌಕ ಮತ್ತು ಅರವತ್ತೆರಡು ಚೌಕಗಳನ್ನು ಒಂದೇ ಅಳತೆಯ ಎರಡು ಕಾಗದಗಳಲ್ಲಿ ಬಣ್ಣ ಹಚ್ಚಿಸಿ, ನಂತರ ಸಂಖ್ಯಾರೇಖೆಯ ಮೇಲೆ ಎರಡನ್ನೂ ಗುರುತಿಸುವುದು. ಇನ್ನುಳಿದ ನಾಲ್ವರಿಗೆ ಇದೇ ಕೆಲಸವನ್ನು ಕೊಡಲಿಲ್ಲ. ಸೊನ್ನೆ ಸೇರಿಸಿ ಬರೆಯುವುದನ್ನು ಅವರಿಗೆ ನಿಯಮವಾಗಿ ಕೊಟ್ಟರೆ, ಬಿಂದುವಿನ ನಂತರದ್ದು ಪೂರ್ಣಸಂಖ್ಯೆಯೆಂಬ ಅವರ ನಂಬಿಕೆ ಒಳಗೇ ಉಳಿದು ಉತ್ತರ ಮಾತ್ರ ಸರಿಯಾಗುತ್ತಿತ್ತು. ಅವರನ್ನು ನಾಲ್ಕೂಕಾಲು, ನಾಲ್ಕೂವರೆಯಿಂದಲೇ ಮತ್ತೆ ಆರಂಭಿಸಬೇಕಿತ್ತು.

ಹೊರಗಿನ ಪರೀಕ್ಷಕರು ಬಂದ ದಿನ ನಾನು ಮಾಡಿದ್ದು ಬೇರೆ ಪಾಠ, ಅದು ಸಾಧಾರಣವಾಗಿ ನಡೆಯಿತು. ಸಂಪುಟದ ಪ್ರಶ್ನೋತ್ತರ ಮಾತ್ರ ಇಪ್ಪತ್ತು ನಿಮಿಷ ಹಿಡಿಯಿತು. ಅವರು ಡೈರಿಯ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಈ ಚೀಟಿಯಲ್ಲಿ ಫ್ಯಾಟಿಗೆ ಬಿಂದುವಿನ ನಂತರ ಒಂದೇ ಅಂಕಿ ಇದೆಯಲ್ಲ, ಹಾಗಾದರೆ 3.9 ಮತ್ತು 3.85ರ ಹೋಲಿಕೆಗೆ ಇದು ಹೇಗೆ ನೆರವಾಗುತ್ತದೆ ಎಂದು ಕೇಳಿದರು. ನೇರವಾಗಿ ನೆರವಾಗುವುದಿಲ್ಲ, 3.9ರ ನಂತರ 4.0 ಬರುವುದೇಕೆಂದು ತಿಳಿಯಲು ಮಾತ್ರ ಅದನ್ನು ಬಳಸಿ, ಹೋಲಿಕೆಗೆ ಗ್ರಾಫ್ ಕಾಗದಕ್ಕೆ ಹೋದೆ ಎಂದು ಹೇಳಿದೆ. ಈ ಪ್ರಶ್ನೆಗೆ ಯಾವ ಮಾದರಿಯಲ್ಲಿಯೂ ಉತ್ತರವಿರಲಿಲ್ಲ. ತರಗತಿಯಲ್ಲಿ ಆ ಚೀಟಿ ಎಲ್ಲಿ ಸಾಲದೆ ಬಂತೆಂಬುದು ನನಗೆ ಗೊತ್ತಿದ್ದುದರಿಂದ ಹೇಳಲಾಯಿತು. ಆಮೇಲೆ ಆ ಇಬ್ಬರು ಮಕ್ಕಳ ಪುಟಕ್ಕೆ ಬಂದು, “ಇವರು ಈಗ ಹೇಗಿದ್ದಾರೆ?” ಎಂದಷ್ಟೇ ಕೇಳಿದರು. ಒಬ್ಬಳಿಗೆ ಸ್ಪಷ್ಟವಾಗಿದೆ, ಇನ್ನೊಬ್ಬ ಸಂಖ್ಯಾರೇಖೆಯ ಮೇಲೆ ಸರಿಯಾಗಿ ಗುರುತಿಸುತ್ತಾನೆ, ಬರಿಯ ಅಂಕಿಗಳನ್ನು ಕೊಟ್ಟರೆ ಇನ್ನೂ ತಡವರಿಸುತ್ತಾನೆ ಎಂದೆ. ಅವರು ತಲೆಯಾಡಿಸಿ ಪುಟ ತಿರುಗಿಸಿದರು.

ಈ ವರ್ಷ ಅದೇ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೆ ಬಂದಿರುವ ಬೇಲೂರಿನ ಹುಡುಗಿಯೊಬ್ಬಳು ಫೋನು ಮಾಡಿ, “ಅಕ್ಕ, ನಿಮ್ಮ ರೆಕಾರ್ಡು ಕೊಡ್ತೀರಾ?” ಎಂದು ಕೇಳಿದಳು. ಕೊಟ್ಟೆ. ಮಾದರಿಯೇ ಬೇಡ, ಎಲ್ಲವನ್ನೂ ನೀನೇ ಮಾಡು ಎಂದು ಹೇಳುವುದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಸಕಲೇಶಪುರದ ಅಕ್ಕನ ರೆಕಾರ್ಡು ಇಲ್ಲದಿದ್ದರೆ ನಾನು ಇಪ್ಪತ್ತೈದು ಪೈಸೆಯ ಚಾರ್ಟಿನಲ್ಲೇ ಉಳಿದಿರುತ್ತಿದ್ದೆ. ಅವಳಿಗೆ ಕೊಟ್ಟ ಚೀಲದಲ್ಲಿ ಕೆಂಪು ಶಾಯಿಯ ಪ್ರಶ್ನೆಗಳಿದ್ದ ನನ್ನ ಮೊದಲ ಕರಡನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ, ಅದರ ಕೆಳಗೆ ಅಕ್ಕನ ಪೆನ್ಸಿಲ್ ಟಿಪ್ಪಣಿಯ ಪುಟಗಳ ಝೆರಾಕ್ಸ್, ಅದರ ಕೆಳಗೆ ಸಂಪುಟ. ಮಾನದಂಡ ಪಟ್ಟಿಯ ಒಂದು ಖಾಲಿ ಪ್ರತಿಯನ್ನೂ ಸೇರಿಸಿ, ಮೊದಲು ನನಗೆ ಅಂಕ ಹಾಕಿ ಕಳಿಸು ಎಂದು ಹೇಳಿದ್ದೇನೆ. ನಿನ್ನೆ ಸಂಜೆ ಅವಳ ಪಟ್ಟಿ ಬಂತು. ನಾನು ಚೆನ್ನಾಗಿದೆಯೆಂದುಕೊಂಡಿದ್ದ ಮೂರನೆಯ ಅವಧಿಗೆ ಅವಳು ಕಡಿಮೆ ಅಂಕ ಹಾಕಿ, ಈ ಅವಧಿಯಲ್ಲಿ ಮಕ್ಕಳು ಮಾತನಾಡಿದ್ದು ಎಲ್ಲಿಯೂ ಕಾಣಲಿಲ್ಲ ಅಕ್ಕ ಎಂದು ಬರೆದಿದ್ದಾಳೆ.